ಹಿತ್ತಿಲ ಕೋಣೆಯ ಕೊಬ್ಬರಿ ಎಣ್ಣೆ

ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲ ಕೋಣೆಗಳೂ ಇದ್ದವು; ಅಮ್ಮನಿಗೆ ಮಾತ್ರ ಒಂದೇ ಕೋಣೆ. ಬಸ್ತಿಹಳ್ಳಿಯ ಬಸದಿಗಳಿಗೆ ಹೋಗುವ ದಾರಿಯಲ್ಲಿ ನಮ್ಮದು ಹೆಂಚಿನ ಮನೆ. ಬೀದಿಯ ಕಡೆಗೆ ಜಗಲಿ, ಒಳಗೆ ಪಡಸಾಲೆ, ಅದರಾಚೆ ನಡುಮನೆ, ನಡುಮನೆಯ ಪಕ್ಕಕ್ಕೆ ಅಡುಗೆಮನೆ. ಹಿಂಬಾಗಿಲು ತೆಗೆದರೆ ಹಿತ್ತಿಲು. ಅಲ್ಲಿ ಬಾವಿ, ನುಗ್ಗೆ ಮರ, ಬಚ್ಚಲು, ಬಚ್ಚಲಿಗೆ ಅಂಟಿಕೊಂಡಂತೆ ಒಂದು ಕೋಣೆ. ಹಿಂದೆ ಅದರಲ್ಲಿ ಸೌದೆ ಒಟ್ಟುತ್ತಿದ್ದರಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಸೌದೆ ಬಚ್ಚಲ ಗೋಡೆಯ ಹೊರಗೆ ಬಂದಿತ್ತು, ಅಮ್ಮ ಒಳಗೆ ಹೋಗಿದ್ದಳು. ಅಪ್ಪನಿಗೆ ಹಳೇಬೀಡಿನ ಪೇಟೆಯಲ್ಲಿ ದಿನಸಿ ಅಂಗಡಿ. ಅಪ್ಪ, ಅಪ್ಪನ ತಾಯಿಯಾದ ನಮ್ಮಜ್ಜಿ, ಅಮ್ಮ, ನಾನು, ಮನೆಯಲ್ಲಿ ಇಷ್ಟೇ ಜನ. ಇಷ್ಟೇ ಜನರಲ್ಲಿ ಒಬ್ಬಳು ಹಿತ್ತಿಲಲ್ಲಿ ಇದ್ದುಬಿಟ್ಟರೆ ಉಳಿದವರು ಎಷ್ಟು ತುಂಬಿದರೂ ಮನೆ ತುಂಬುವುದಿಲ್ಲ.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಮನೆಯವರು ನನಗೆ ಹೇಳದೆ ವರ್ಷಗಟ್ಟಲೆ ಸತಾಯಿಸಿದರು, ಓದುವವರನ್ನು ನಾನೂ ಸತಾಯಿಸುವುದು ಬೇಡ. ನಾನು ಹುಟ್ಟುವಾಗ ಅಮ್ಮನ ಮೈ ಹರಿಯಿತು. ಚೊಚ್ಚಲ ಹೆರಿಗೆಯಲ್ಲಿ ಅಷ್ಟಿಷ್ಟು ಹರಿಯುವುದು ಎಷ್ಟೋ ಹೆಂಗಸರಿಗೆ ಆಗುತ್ತದೆ, ಮಾಯುತ್ತದೆ. ಅಮ್ಮನದು ಹಾಗೆ ಮಾಯುವ ಗಾಯವಾಗಿರಲಿಲ್ಲ. ಮಗು ಬರುವ ದಾರಿಯಿಂದ ಹಿಂದಿನ ದಾರಿಯವರೆಗೂ ಸೀಳಿಹೋಗಿತ್ತು. ಸೂಲಗಿತ್ತಿ ಎರಡೂ ತೊಡೆಗಳನ್ನು ಬಟ್ಟೆಯಿಂದ ಬಿಗಿದು ಕಟ್ಟಿ, ಅಲ್ಲಾಡದೆ ಮಲಗಿದ್ದರೆ ಕೂಡಿಕೊಳ್ಳುತ್ತದೆ ಎಂದಳಂತೆ. ಕೂಡಿಕೊಂಡಿತು, ಅಡ್ಡಾದಿಡ್ಡಿಯಾಗಿ. ಅಲ್ಲಿಂದಾಚೆಗೆ ಅಮ್ಮನಿಗೆ ಮಲದ ಮೇಲೆ ಹಿಡಿತ ಉಳಿಯಲಿಲ್ಲ. ಯಾವ ಹೊತ್ತಿನಲ್ಲಿ ಬಟ್ಟೆ ಕೆಡುತ್ತದೋ ಅವಳಿಗೇ ತಿಳಿಯುತ್ತಿರಲಿಲ್ಲ. ದಿನವಿಡೀ ಹಳೆಯ ಸೀರೆ ಹರಿದು ಮಡಿಚುವುದು, ಒಗೆಯುವುದು, ನುಗ್ಗೆ ಮರದ ಹಿಂದೆ ಯಾರಿಗೂ ಕಾಣದ ಹಾಗೆ ಒಣಹಾಕುವುದು, ಮತ್ತೆ ಮಡಿಚುವುದು. ನಾನು ಬೆಳೆದದ್ದು ಆ ಗಾಯದ ಪಕ್ಕದಲ್ಲಿ, ಅದು ಗಾಯ ಎಂದು ತಿಳಿಯದೆ.

ನಮ್ಮದು ಜೈನರ ಮನೆ, ಅಜ್ಜಿಯದು ಕಟ್ಟುನಿಟ್ಟಿನ ಮಡಿ. ಬೆಳಗ್ಗೆ ಬಾವಿಯ ನೀರು ಸುರಿದುಕೊಂಡು, ಮಡಿಸೀರೆ ಉಟ್ಟು, ಬಸದಿಗೆ ಹೋಗಿ ಅಭಿಷೇಕ ನೋಡಿ ಬರುವವರೆಗೆ ಅವಳು ನನ್ನನ್ನೂ ಮುಟ್ಟುತ್ತಿರಲಿಲ್ಲ. ಅಂಥವಳ ಮನೆಯಲ್ಲಿ ಮೈ ಯಾವಾಗ ಮೈಲಿಗೆಯಾಗುತ್ತದೋ ತಿಳಿಯದ ಸೊಸೆ ಎಲ್ಲಿರಬೇಕು? ಯಾರೂ ಅವಳನ್ನು ಹೊರಗೆ ಹಾಕಲಿಲ್ಲವಂತೆ. ಅಮ್ಮ ತಾನೇ ಅಡುಗೆಮನೆ ಬಿಟ್ಟಳು, ಆಮೇಲೆ ಬಸದಿ ಬಿಟ್ಟಳು, ಮದುವೆ ಮುಂಜಿ ಬಿಟ್ಟಳು, ಕಡೆಗೆ ನಡುಮನೆಯನ್ನೂ ಬಿಟ್ಟಳು. ಬಿಡು ಎಂದವರಿಲ್ಲ, ಬೇಡ ಇರು ಎಂದವರೂ ಇಲ್ಲ. ಬಂದ ನೆಂಟರು ಕೇಳಿದರೆ ಅಜ್ಜಿ, "ಅವಳಿಗೆ ಮೈ ಸರಿಯಿಲ್ಲ" ಎಂದು ಮಾತು ಮುಗಿಸುತ್ತಿದ್ದಳು. ಆ ಮೂರು ಪದಗಳನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ಅಮ್ಮನ ಹೆಸರಿನದೇ ಒಂದು ಭಾಗ ಎಂದುಕೊಂಡಿದ್ದೆ.

ಹೊತ್ತು ಮುಳುಗುವುದರೊಳಗೆ ನಮ್ಮಲ್ಲಿ ಊಟ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಬಾಯಿಗೆ ಅನ್ನ ಹೋಗುವಂತಿಲ್ಲ. ಅಪ್ಪ ಅಂಗಡಿಯಿಂದ ಬೆವರುತ್ತ ಸೈಕಲ್ ತುಳಿದು ಬರುವುದು, ಅಜ್ಜಿ ಗಡಿಬಿಡಿಯಲ್ಲಿ ಬಡಿಸುವುದು, ನಾನು ಬಾಗಿಲಲ್ಲಿ ನಿಂತು ಸೂರ್ಯ ಎಲ್ಲಿದ್ದಾನೆಂದು ಕೂಗಿ ಹೇಳುವುದು, ಇದು ನಮ್ಮ ಸಂಜೆಯ ಸಂಭ್ರಮ. ಅಮ್ಮನ ತಟ್ಟೆ ಎಲ್ಲರದೂ ಆದ ಮೇಲೆ ಹಿಂಬಾಗಿಲ ಹೊಸ್ತಿಲಿಗೆ ಹೋಗುತ್ತಿತ್ತು. ಅಜ್ಜಿ ಕೆಟ್ಟವಳೆಂದು ಹೇಳಲಾರೆ. ತಡವಾದ ದಿನ ತನ್ನ ತಟ್ಟೆಯನ್ನೇ ಅರ್ಧಕ್ಕೆ ಬಿಟ್ಟು, "ಸುನಂದಾ, ಹೊತ್ತು ಇಳೀತೈತೆ, ಬೇಗ ಉಣ್ಣೇ" ಎಂದು ಹೊಸ್ತಿಲ ಬಳಿ ನಿಂತು ಚಡಪಡಿಸುತ್ತಿದ್ದಳು. ಅಮ್ಮ ಅರ್ಧ ಉಂಡು ಕೈ ತೊಳೆದುಬಿಡುತ್ತಿದ್ದಳು. ಕಡಿಮೆ ಉಂಡರೆ ಬಟ್ಟೆ ಕಡಿಮೆ ಕೆಡುತ್ತದೆ ಎನ್ನುವ ಲೆಕ್ಕ ಅವಳದು. ನನಗೆ ಹಾಗೆ ಕಾಣುತ್ತಿರಲಿಲ್ಲ. ನಮ್ಮ ಮನೆಯ ಅನ್ನ ಅವಳಿಗೆ ಸೇರುವುದಿಲ್ಲ ಎನ್ನಿಸುತ್ತಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಹೆಗ್ಗಣಕ್ಕಿಂತ ಕಡೆಯೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಮ್ಮ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ ನೆನಪಿಲ್ಲ. ತಲೆ ಬಾಚುತ್ತಿದ್ದವಳು ಅಜ್ಜಿ, ಮಲಗಿಸುತ್ತಿದ್ದವಳೂ ಅಜ್ಜಿ. ಹಿತ್ತಿಲ ಕೋಣೆಯ ಬಾಗಿಲಿಗೆ ಹೋದರೆ ಅಮ್ಮ ಒಳಗಿನಿಂದಲೇ, "ಅಲ್ಲೇ ನಿಂತ್ಕೋ ಪುಟ್ಟಿ, ಏನ್ ಬೇಕು ಹೇಳು" ಎನ್ನುತ್ತಿದ್ದಳು. ಏನು ಬೇಕೆಂದು ಹೇಳುವುದು? ಬೇಕಾದದ್ದು ಒಳಗಿತ್ತು. ಅವಳಿಗೆ ಒಂದೇ ಹೆದರಿಕೆ, ಮಗಳ ಮೂಗಿಗೆ ವಾಸನೆ ಬಡಿದು ಅವಳು ಮುಖ ತಿರುಗಿಸಿಬಿಟ್ಟರೆ ಎಂದು. ನಾನು ಮುಖ ತಿರುಗಿಸುವುದಕ್ಕೆ ಮೊದಲೇ ಅವಳು ತನ್ನದನ್ನು ತಿರುಗಿಸಿಕೊಂಡಿದ್ದಳು. ಶಾಲೆ ಇಲ್ಲದ ದಿನ ಅಜ್ಜಿಯ ಜೊತೆ ಬಸದಿಗೆ ಹೋಗುತ್ತಿದ್ದೆ. ಅಲ್ಲಿಯ ನುಣುಪು ಕಂಬಗಳಲ್ಲಿ ಮುಖ ಕಾಣುತ್ತದೆ, ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ. ಬೇರೆ ಮಕ್ಕಳು ಬಂದರೆ ನೋಡಿ ನಗುತ್ತಾರೆ. ನಾನು ಅದರೆದುರು ನಿಂತು ನನ್ನೊಡನೆ ನಾನೇ ಮಾತನಾಡುತ್ತಿದ್ದೆ.

ಪದ್ಮತ್ತೆ ಹೆರಿಗೆಗೆಂದು ಬಂದದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ. ಅಪ್ಪನ ತಂಗಿ, ಅರಸೀಕೆರೆಯಲ್ಲಿ ಬಟ್ಟೆ ಅಂಗಡಿ ಇದ್ದವರ ಮನೆಗೆ ಕೊಟ್ಟಿದ್ದರು. ಮಾತಿನ ಮಲ್ಲಿ, ಅವಳು ಬಂದರೆ ಮನೆಯ ಹೆಂಚುಗಳೂ ನಗುತ್ತವೆ ಎಂದು ಅಪ್ಪ ಹೇಳುತ್ತಿದ್ದ. ಆ ಸಲ ಬಂದವಳು ನಗಲಿಲ್ಲ. ಹೊಟ್ಟೆ ಹೊತ್ತುಕೊಂಡು ಪಡಸಾಲೆಯಲ್ಲಿ ಸುಮ್ಮನೆ ಕೂರುವಳು, ಅಜ್ಜಿ ಮಾಡಿಕೊಟ್ಟ ತಂಬಿಟ್ಟು ಮುಟ್ಟಳು. ಒಂದು ಮಧ್ಯಾಹ್ನ ಅಜ್ಜಿ ನಿದ್ದೆ ಹೋದಾಗ ಹಿತ್ತಿಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತಳು. ಅಮ್ಮ ಬಟ್ಟೆ ಒಗೆಯುತ್ತಿದ್ದಳು. ನಾನು ನುಗ್ಗೆ ಮರದ ಬುಡದಲ್ಲಿ ಮಣ್ಣಿನ ಒಲೆ ಕಟ್ಟಿಕೊಂಡು ಒಬ್ಬಳೇ ಅಡುಗೆ ಆಟ ಆಡುತ್ತಿದ್ದೆ.

"ಅತ್ತಿಗೆ, ನಂಗೂ ನಿಮ್ಮ ಥರ ಆಗ್ಬಿಟ್ರೆ?"

ಅಮ್ಮನ ಕೈಯಲ್ಲಿದ್ದ ಬಟ್ಟೆ ಅಲ್ಲಿಯೇ ನಿಂತಿತು.

"ನಿಮ್ಮ ಥರ ಆದ್ರೆ ನಾನು ಇದೇ ಬಾವಿಗೆ ಬಿದ್ದು ಸಾಯ್ತೀನಿ. ಸತ್ಯವಾಗ್ಲೂ ಬೀಳ್ತೀನಿ."

ಅದನ್ನು ಹೇಳಿದ ಮೇಲೆ ತಾನು ಯಾರಿಗೆ ಏನು ಹೇಳಿದೆನೆಂದು ಪದ್ಮತ್ತೆಗೆ ಹೊಳೆಯಿತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಗೆಯುವುದನ್ನು ಬಿಟ್ಟು, ಕೈ ಒರೆಸಿಕೊಂಡು, ನಾದಿನಿಯಿಂದ ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಆಗ್ದೇ ಇರೋ ಹಂಗೆ ಮಾಡಾಕ್ಕೆ ಒಂದು ದಾರಿ ಐತೆ ಪದ್ಮಾ. ಪೂರ್ತಿ ಆಗೋದೇ ಇಲ್ಲ ಅಂತ ಭಾಷೆ ಕೊಡಾಕಾಗಲ್ಲ. ಆದ್ರೂ ಮಾಡಿದ್ರೆ ಒಳ್ಳೇದು."

ಅಮ್ಮ ಗಂಡಸಿ ಎನ್ನುವ ಊರಿನವಳು. ಅವರ ಕಡೆ ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿದ ಮೇಲೆ ತಾಯಿ ದಿನವೂ ಸ್ವಲ್ಪ ಹೊತ್ತು ಗಾಣದ ಕೊಬ್ಬರಿ ಎಣ್ಣೆ ಹಾಕಿ, ಮಗು ಬರುವ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿ ಹಿಗ್ಗಿಸುತ್ತಿದ್ದಳಂತೆ. ಹಾಗೆ ಮಾಡಿದರೆ ಚರ್ಮ ಬಗ್ಗುವುದನ್ನು ಕಲಿಯುತ್ತದೆ, ಮಗುವಿನ ತಲೆ ಬಂದಾಗ ಬೆಚ್ಚಿ ಬಿಗಿಯುವುದಿಲ್ಲ, ಹರಿದರೂ ಸ್ವಲ್ಪದರಲ್ಲಿ ಹೋಗುತ್ತದೆ. ಅದನ್ನು ತಾಯಿಯೇ ಮಾಡಬೇಕು, ಬೇರೆ ಯಾರ ಕೈಯೂ ಆ ಜಾಗಕ್ಕೆ ಹೋಗಬಾರದು ಎನ್ನುವುದು ಅಲ್ಲಿಯ ಕಟ್ಟು. ಅಮ್ಮನ ಅಕ್ಕನಿಗೆ ಹಾಗೆಯೇ ಆಗಿತ್ತು. ಅಮ್ಮನ ಸರದಿ ಬರುವುದರೊಳಗೆ ಅವಳ ತಾಯಿ ತೀರಿಹೋಗಿದ್ದಳು. ತಾಯಿಯಿಲ್ಲದ ತವರಿಗೆ ಹೆರಿಗೆಗೆ ಯಾಕೆ ಕಳಿಸುವುದೆಂದು ಬಸ್ತಿಹಳ್ಳಿಯಲ್ಲೇ ಇಟ್ಟುಕೊಂಡರು. ಇಲ್ಲಿ ಅಂಥ ಪದ್ಧತಿ ಇರಲಿಲ್ಲ, ಇದ್ದರೂ ಮಾಡುವ ಕೈ ಇರಲಿಲ್ಲ.

ಅದೇ ಸಂಜೆ ಜಗಳವಾಯಿತು. ಅಮ್ಮ ಜಗಳವಾಡಿದ್ದನ್ನು ನಾನು ಕಂಡದ್ದು ಅದೊಂದೇ. ಹೊಸ್ತಿಲ ಈಚೆ ಅಜ್ಜಿ, ಆಚೆ ಅಮ್ಮ. ಅಪ್ಪ ಉಣ್ಣುತ್ತಿದ್ದವನು ತಲೆ ಎತ್ತಲಿಲ್ಲ.

"ಸೊಂಟಕ್ಕೆ ಹರಳೆಣ್ಣೆ ತಿಕ್ತೀನಿ, ಬಿಸಿನೀರು ಹುಯ್ತೀನಿ. ಅಲ್ಲೆಲ್ಲಾ ಕೈ ಹಾಕೋದು ನಮ್ಮನೇಲಿಲ್ಲ" ಎಂದಳು ಅಜ್ಜಿ.

"ನೀವು ಹಾಕ್ಬೇಡಿ ಅತ್ತೆ. ನಾನು ಹಾಕ್ತೀನಿ."

"ಏನು ಮಾತು ಅಂತ ಆಡ್ತೀಯೇ? ಗಂಡಸ್ರು ಉಣ್ತಾವ್ರೆ. ಚೊಚ್ಚಲ ಬಸುರಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವರ ಮನೇವ್ರಿಗೆ ಏನು ಹೇಳ್ಲಿ? ನಮ್ಮನೇಲಿ ಯಾವತ್ತೂ ಇಲ್ಲ ಅಂದ್ನಲ್ಲ."

"ನಿಮ್ಮನೇಲಿ ಇಲ್ದೇ ಇದ್ದಿದ್ದಕ್ಕೇ ಅಲ್ವಾ ನಾನು ಹಿಂಗಾಗಿದ್ದು?"

ಅಜ್ಜಿಯ ಕೈಯಲ್ಲಿ ಸೌಟು ಇತ್ತು. ಅದರಿಂದ ಸಾರು ತೊಟ್ಟಿಕ್ಕಿ ಅವಳ ಪಾದದ ಮೇಲೆ ಬೀಳುತ್ತಿತ್ತು, ಅವಳು ಕಾಲು ಸರಿಸಲಿಲ್ಲ. ಅಮ್ಮ ಮತ್ತೆ ಹೇಳಿದಳು. ಈ ಸಲ ದನಿ ಕೆಳಗಿತ್ತು.

"ನಿಮ್ಗೆ ಮಡಿ ಐತೆ, ಬಸದಿ ಐತೆ, ನೀವು ಮುಟ್ಟಾಕಾಗಲ್ಲ. ನಂಗೇನೈತೆ? ನಾನು ಹೆಂಗೂ ಮೈಲಿಗೇನೇ. ನನ್ನ ಕೈ ಇನ್ನೆಲ್ಲಿ ಕೆಡ್ತದೆ?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವುದು ನಿಜವಿರಬಹುದು. ಆದರೆ ತನ್ನ ಕಾಲ ಬಂದಾಗ ಅಮ್ಮ ಗೆದ್ದವಳ ಹಾಗೆ ಕಾಣಲಿಲ್ಲ, ತಟ್ಟೆ ಅಲ್ಲಿಯೇ ಬಿಟ್ಟು ಕೋಣೆಗೆ ಹೋದಳು. ಅಪ್ಪ ಕೈ ತೊಳೆದು ಬಂದು, "ನಾಳೆ ಗಂಡಸಿ ಕಡೆ ಹೋಗೋದೈತೆ, ಗಾಣದೆಣ್ಣೆ ತತ್ತೀನಿ ಕಣವ್ವಾ" ಎಂದ. ಹೋಗುವುದೇನೂ ಇರಲಿಲ್ಲ. ಮರುದಿನ ಅಂಗಡಿ ಮುಚ್ಚಿ ಬಸ್ಸು ಹತ್ತಿ ಹೋಗಿ, ಎಣ್ಣೆ ತುಂಬಿದ ಡಬ್ಬವನ್ನು ತಂದು ಹಿತ್ತಿಲ ಕೋಣೆಯ ಬಾಗಿಲಲ್ಲಿ ಇಟ್ಟ. ಹೆಂಡತಿಯನ್ನು ಕೂಗಲೂ ಇಲ್ಲ. ಅಪ್ಪನ ಮೇಲೆ ನನಗೆ ಇಂದಿಗೂ ಇರುವ ಸಿಟ್ಟು ಆ ಡಬ್ಬದಿಂದ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಪದ್ಮತ್ತೆಗೆ ಎಂಟು ತಿಂಗಳು ತುಂಬಿತು. ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಪದ್ಮತ್ತೆ ಹಿತ್ತಿಲ ಕೋಣೆಗೆ ಹೋಗುವಳು. ಅಮ್ಮ ಅದಕ್ಕೆ ಮುಂಚೆ ಬಾವಿಯ ಬಳಿ ಕೂತು ಉಗುರುಗಳನ್ನು ಚರ್ಮಕ್ಕೆ ತಾಗುವಂತೆ ಕತ್ತರಿಸಿ, ಕಲ್ಲಿಗೆ ಉಜ್ಜಿ ನುಣುಪು ಮಾಡಿ, ಬಿಸಿನೀರು ಸೀಗೆಪುಡಿಯಲ್ಲಿ ಮೊಣಕೈವರೆಗೂ ತೊಳೆಯುವಳು. ಅಜ್ಜಿ ಬಸದಿಗೆ ಹೋಗುವಾಗಲೂ ಕೈಯನ್ನು ಅಷ್ಟು ತೊಳೆದದ್ದು ನಾನು ನೋಡಿಲ್ಲ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡುವಳು. ಆಮೇಲೆ ಬಾಗಿಲು ಹಾಕಿಕೊಳ್ಳುವರು. ನಾನು ಬಚ್ಚಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮೊದಮೊದಲು ಪದ್ಮತ್ತೆ "ಅಯ್ಯೋ ಉರಿ" ಎನ್ನುವುದು, ಅಮ್ಮ "ಉಸಿರು ಬಿಡು, ಬಿಗಿ ಹಿಡೀಬ್ಯಾಡ" ಎನ್ನುವುದು ಕೇಳುತ್ತಿತ್ತು. ನಾಲ್ಕಾರು ದಿನಗಳಾದ ಮೇಲೆ ಮಾತು ಬೇರೆಯಾಯಿತು. ಅರಸೀಕೆರೆಯ ಅತ್ತೆಮನೆಯ ಕಥೆ, ಅಂಗಡಿಗೆ ಬರುವ ಗಿರಾಕಿಗಳ ಕಥೆ. ಒಂದು ದಿನ ಒಳಗಿನಿಂದ ನಗು ಕೇಳಿಸಿತು, ಇಬ್ಬರದು. ಒಂದು ನಗು ಪದ್ಮತ್ತೆಯದೆಂದು ಗೊತ್ತಾಯಿತು, ಇನ್ನೊಂದು ಯಾರದೆಂದು ನನಗೆ ಗುರುತೇ ಸಿಗಲಿಲ್ಲ. ಕೋಣೆಯಲ್ಲಿ ಮೂರನೆಯವರಿಲ್ಲವಲ್ಲ ಎಂದು ಯೋಚಿಸಿ, ಆಮೇಲೆ ಅರ್ಥವಾಗಿ, ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಯಲ್ಲಿ ನಿಜವಾಗಿಯೂ ಕಿಚ್ಚಿರುತ್ತದೆ, ಏಳು ವರ್ಷದ ಹೊಟ್ಟೆಯಲ್ಲೂ.

ಈಗ ನಾನಿರುವುದು ಅರಸೀಕೆರೆಯಲ್ಲಿ, ಒಬ್ಬಳೇ. ಗಂಡ ತೀರಿಹೋದರು, ಮಕ್ಕಳಾಗಲಿಲ್ಲ. ಮೊನ್ನೆ ಪಕ್ಕದ ಮನೆಯ ಸೊಸೆ, ತುಂಬಿದ ಬಸುರಿ, ಮೊಬೈಲ್ ಹಿಡಿದುಕೊಂಡು ಬಂದಳು. ಆಸ್ಪತ್ರೆಯವರು ವಿಡಿಯೋ ಕಳಿಸಿದ್ದಾರೆ, ಕಡೆಯ ತಿಂಗಳಲ್ಲಿ ಮನೆಯಲ್ಲೇ ಹೀಗೆ ಮಸಾಜ್ ಮಾಡಿಕೊಳ್ಳಬೇಕಂತೆ, ಮೊದಲ ಹೆರಿಗೆಯವರಿಗೆ ಹೊಲಿಗೆ ಬೀಳುವುದು ಕಡಿಮೆಯಾಗುತ್ತದಂತೆ ಎಂದಳು. ಪ್ಲಾಸ್ಟಿಕ್ಕಿನ ಗೊಂಬೆಯ ಮೇಲೆ ಕೈಗವಸು ಹಾಕಿದ ಹೆಬ್ಬೆರಳು ಕೆಳಕ್ಕೆ ಒತ್ತಿ ಎಡಕ್ಕೂ ಬಲಕ್ಕೂ ಜಾರುತ್ತಿತ್ತು.

"ನಿಮ್ಮ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು ಆಂಟಿ?"

"ಇತ್ತು ಕಣಮ್ಮ. ಬಾಗಿಲು ಹಾಕ್ಕೊಂಡು ಇತ್ತು."

ಅವಳು ನಕ್ಕು ಹೋದಳು. ಆ ಹುಡುಗಿಗೆ ತಾಯಿ ಇದ್ದಾಳೆ, ಗಂಡನೂ ಜೊತೆಗೆ ಕೂತು ಆ ವಿಡಿಯೋ ನೋಡುತ್ತಾನಂತೆ. ಒಳ್ಳೆಯದಾಗಲಿ. ಅಮ್ಮನ ಗಾಯದ ವಿಷಯವನ್ನೂ ಇಲ್ಲಿ ಹೇಳಿ ಮುಗಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೇಲೆ ಹಟ ಹಿಡಿದು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಇದನ್ನು ಆಗಲೇ ಹೊಲಿಯಬಹುದಿತ್ತು, ಈಗಲೂ ನೋಡೋಣ ಎಂದರು ಡಾಕ್ಟರು. ಅಮ್ಮ ಸೀರೆ ಸರಿಮಾಡಿಕೊಂಡು ಮಂಚದಿಂದ ಇಳಿದಳು. "ಈಗ ಹೊಲಿಸ್ಕೊಂಡು ಯಾರ ಮದುವೆಗೆ ಹೋಗ್ಲಿ ಬಿಡಿ" ಎಂದು ಡಾಕ್ಟರಿಗೇ ಹೇಳಿದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಬೈದೆ, ಅವಳು ಕಡಲೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

ಪದ್ಮತ್ತೆಗೆ ನೋವು ಕಾಣಿಸಿದ್ದು ಒಂದು ಬೆಳಗ್ಗೆ, ಅಜ್ಜಿ ಸ್ನಾನ ಮಾಡಿ ಮಡಿಸೀರೆ ಉಟ್ಟು ಬಸದಿಗೆ ಹೊರಟಿದ್ದಾಗ. ಅಪ್ಪ ಹಳೇಬೀಡಿಗೆ ಸೈಕಲ್ ಓಡಿಸಿ ನರ್ಸಮ್ಮನನ್ನು ಕರೆತಂದ. ಹೆರಿಗೆ ಎಲ್ಲಿ ಎನ್ನುವ ಪ್ರಶ್ನೆಯೇ ಬರಲಿಲ್ಲ. ಪದ್ಮತ್ತೆ ತಾನಾಗಿ ನಡೆದು ಹಿತ್ತಿಲ ಕೋಣೆಗೆ ಹೋಗಿ ಮಲಗಿದಳು. ಅಮ್ಮ ಬಚ್ಚಲ ಒಲೆಗೆ ಸೌದೆ ತುಂಬಿದಳು. ಅಜ್ಜಿ ಬಾವಿಯ ಬಳಿ ಮಡಿಸೀರೆಯಲ್ಲಿ ನಿಂತು ಣಮೋಕಾರ ಮಂತ್ರ ಹೇಳುತ್ತಿದ್ದಳು, ಅತ್ತ ಬಸದಿಗೂ ಹೋಗದೆ, ಇತ್ತ ಒಳಗೂ ಹೋಗದೆ. ನಾನು ನುಗ್ಗೆ ಮರದ ಕೆಳಗೆ. ಯಾರೂ ನನ್ನನ್ನು ಆಚೆ ಹೋಗು ಎನ್ನಲಿಲ್ಲ, ನಾನಿರುವುದು ಯಾರಿಗೂ ನೆನಪಿರಲಿಲ್ಲ. ಪದ್ಮತ್ತೆಯ ಕೂಗು ಏರಿದಾಗ ಅಮ್ಮನ ದನಿ ಹೊರಗೆ ಬಂತು.

"ಅತ್ತೆ, ಒಳಕ್ಕೆ ಬನ್ನಿ. ಬಿಸಿನೀರಿನ ಬಟ್ಟೆ ಹಿಡಿಯಾಕೆ ಒಂದು ಕೈ ಬೇಕು."

ಅಜ್ಜಿಯ ಣಮೋಕಾರ ನಿಂತಿತು. ಅವಳು ತನ್ನ ಸೀರೆಯನ್ನೊಮ್ಮೆ ನೋಡಿಕೊಂಡಳು.

"ಅತ್ತೆ, ಅವತ್ತು ನನ್ನತ್ರ ಯಾರೂ ಬರ್ಲಿಲ್ಲ. ಇವತ್ತು ಇವಳ ಹತ್ರ ಬನ್ನಿ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಆಮೇಲೆ ಬಹಳ ಹೊತ್ತು ನಾಲ್ವರ ದನಿಯೂ ಒಂದರ ಮೇಲೊಂದು ಬಿದ್ದು ಯಾರದು ಯಾವುದೆಂದು ತಿಳಿಯಲಿಲ್ಲ. "ಮುಕ್ಕಬ್ಯಾಡ, ಈಗ ತಿಣುಕಬ್ಯಾಡ, ಬಾಯಲ್ಲಿ ಉಸಿರು ಊದು, ಊದು" ಎನ್ನುತ್ತಿದ್ದದ್ದು ಮಾತ್ರ ಅಮ್ಮನೆಂದು ಗೊತ್ತಾಯಿತು. ಕಡೆಗೆ ಮಗುವಿನ ಅಳು. ನರ್ಸಮ್ಮ ಹೊರಗೆ ಬಂದು ಕೈ ತೊಳೆಯುತ್ತ ಅಪ್ಪನಿಗೆ, "ಹೆಣ್ಮಗು. ಹೊಲಿಗೆ ಬೇಕಾಗ್ಲಿಲ್ಲ ಕಣ್ರೀ, ಒಂಚೂರು ತರಚಿದಂಗೆ ಆಗೈತೆ, ಅದೇ ಮಾಯ್ತದೆ" ಎಂದಳು. ಅಪ್ಪ ಏನೂ ಗೊತ್ತಾಗದವನಂತೆ ತಲೆಯಾಡಿಸಿ, ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅಮ್ಮ ಬಂದು ಬಾವಿಯ ಕಟ್ಟೆಗೆ ಒರಗಿ ಕೂತು ಗಟ್ಟಿಯಾಗಿ ಅತ್ತಳು, ಊರಿಗೆಲ್ಲ ಕೇಳಿಸುವಂತೆ. ಅದು ಪದ್ಮತ್ತೆ ಉಳಿದಳೆಂಬ ಸಂತೋಷವೋ, ತನಗೂ ಇಷ್ಟೇ ಆಗಬಹುದಿತ್ತಲ್ಲ ಎಂಬ ದುಃಖವೋ. ನನಗೆ ಎರಡೂ ಎನ್ನಿಸುತ್ತದೆ. ಅಜ್ಜಿ ಕೊಡದಲ್ಲಿ ನೀರು ಸೇದಿ, ಮೊದಲು ಅಮ್ಮನ ಕೈ ಮೇಲೆ ಹುಯ್ದಳು.

ಹೆರಿಗೆಯ ಸೂತಕದಲ್ಲಿ ಮನೆಯವರು ಯಾರೂ ಬಸದಿಗೆ ಹೋಗುವಂತಿಲ್ಲ. ಆ ದಿನಗಳು ನನ್ನ ಬಾಲ್ಯದ ಹಬ್ಬ. ಮನೆಮಂದಿಗೆಲ್ಲ ಮೈಲಿಗೆ, ಎಲ್ಲರೂ ಅಮ್ಮನ ಜಾತಿಗೇ ಸೇರಿಬಿಟ್ಟಿದ್ದರು. ಅಜ್ಜಿ ಹಿತ್ತಿಲಲ್ಲೇ ಕೂತು ಬಾಣಂತಿ ಮದ್ದು ಅರೆಯುವಳು, ಅಮ್ಮ ಮಗುವಿಗೆ ನೀರು ಹುಯ್ಯುವಳು, ಎಲ್ಲರ ಊಟವೂ ನುಗ್ಗೆ ಮರದ ಕೆಳಗೇ. ಸೂತಕ ಕಳೆಯಿತು. ಅಜ್ಜಿ ತಲೆಗೆ ನೀರು ಹುಯ್ದುಕೊಂಡು ಮಡಿಸೀರೆ ಉಟ್ಟು ಬಸದಿಗೆ ನಡೆದಳು. ತಟ್ಟೆಗಳು ಒಳಗೆ ಹೋದವು, ಅಮ್ಮನದು ಹೊಸ್ತಿಲಿಗೆ ಬಂತು. ಐದನೆಯ ತಿಂಗಳಲ್ಲಿ ಪದ್ಮತ್ತೆ ಮಗುವನ್ನೆತ್ತಿಕೊಂಡು ಅರಸೀಕೆರೆಗೆ ಹೊರಟಳು. ಹಳೇಬೀಡಿನ ಬಸ್ಸಿನವರೆಗೆ ಎಲ್ಲರೂ ಹೋದರು, ಅಮ್ಮನೊಬ್ಬಳು ಹಿತ್ತಿಲ ಬಾಗಿಲಿನಿಂದ ಕೈಯಾಡಿಸಿದಳು. ವಾಪಸು ಬಂದಾಗ ಮನೆ ಮೊದಲಿಗಿಂತ ದೊಡ್ಡದಾಗಿತ್ತು. ಒಮ್ಮೆ ನಗು ಕೇಳಿಸಿ ನಿಂತುಹೋದ ಕೋಣೆಯ ಸದ್ದಿಲ್ಲದಿರುವಿಕೆ ಬೇರೆಯದೇ ಬಗೆಯದು. ಅಮ್ಮನೂ ಬಾಗಿಲು ಹಾಕಿಕೊಂಡೇ ಇರತೊಡಗಿದಳು.

ನನಗೊಂದು ಯೋಚನೆ ಬಂತು. ಏಳು ವರ್ಷದವಳ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಒಂದು ಸಂಜೆ ಎಲ್ಲರೂ ಉಣ್ಣುತ್ತಿರುವಾಗ ಕೇಳಿದೆ.

"ಅಜ್ಜಿ, ನಾನು ಬಸುರಿ ಆಗೋದು ಯಾವಾಗ?"

ಅಪ್ಪನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಿತು. ಅಜ್ಜಿ ನನ್ನ ತಲೆಯ ಮೇಲೊಂದು ಮೊಟಕಿದಳು.

"ಬಾಯಿ ಮುಚ್ಚೇ! ಎಲ್ಲಿ ಕಲಿತೆ ಇಂಥಾ ಮಾತು?"

"ಬಸುರಿ ಆದ್ರೆ ಅಮ್ಮ ಒಳಗೆ ಕರೀತಾಳಲ್ಲ, ಪದ್ಮತ್ತೇನ ಕರೆದಂಗೆ. ಮುಟ್ತಾಳಲ್ಲ."

ಮತ್ತೆ ಯಾರೂ ಮೊಟಕಲಿಲ್ಲ. ಹೊಸ್ತಿಲಾಚೆ ತಟ್ಟೆ ಕೆಳಗಿಟ್ಟ ಸದ್ದಾಯಿತು. "ಪುಟ್ಟೀ, ಬಾ ಇಲ್ಲಿ" ಎಂದಳು ಅಮ್ಮ. ನಾನು ಎಂಜಲು ಕೈಯಲ್ಲೇ ಓಡಿದೆ. ಕೋಣೆಯ ಬಾಗಿಲಲ್ಲಿ ಅಭ್ಯಾಸದಂತೆ ನಿಂತೆ. ಅವಳು ಒಳಗೆ ಬಾ ಎಂದಳು. ಒಂದು ಚಾಪೆ, ಗೋಡೆಯ ಗೂಡಿನಲ್ಲಿ ಬಾಚಣಿಗೆ, ಮಡಿಚಿಟ್ಟ ಬಟ್ಟೆಯ ಸಾಲು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು, ಸುತ್ತುಬಳಸಿಲ್ಲದೆ ಹೇಳಿದಳು. ಮಗು ಎಲ್ಲಿಂದ ಬರುತ್ತದೆ, ತನಗೆ ಏನು ಹರಿಯಿತು, ಈ ಬಟ್ಟೆಗಳೇಕೆ, ನನ್ನನ್ನು ದೂರ ಇಟ್ಟದ್ದೇಕೆ, ಎಲ್ಲ. ಪೂರ್ತಿ ಅರ್ಥವಾಯಿತೆಂದು ಹೇಳಲಾರೆ. ಅರ್ಥವಾದದ್ದು ಒಂದು, ಅದನ್ನೇ ಕೇಳಿದೆ.

"ನಾನಾ ನಿನ್ನ ಹರಿದಿದ್ದು?"

"ಅಲ್ಲ ಕಣೇ." ಅಮ್ಮ ನನ್ನ ಮುಖ ನೋಡಿ ಹೇಳಿದಳು. "ಹರಿದಿದ್ದು ನೀನಲ್ಲ. ಆವತ್ತು ಭಾದ್ರಪದದ ಪರ್ವ, ನಿಮ್ಮಜ್ಜಿ ವ್ರತ ಹಿಡಿದು ಪಡಸಾಲೇಲಿ ಕೂತಿದ್ರು. ಸೂಲಗಿತ್ತಿದು ಒಂದು ಕೈ ಹೊಟ್ಟೆ ಮೇಲೆ, ಇನ್ನೊಂದು ನಿನ್ನ ತಲೆ ಮೇಲೆ. ನಂಗೆ ಅಂತ ಇನ್ನೊಂದು ಕೈ ಇರ್ಲಿಲ್ಲ. ಯಾರೂ ಇರ್ಲಿಲ್ಲ, ಅದಕ್ಕೇ ಹರೀತು. ನೀನು ಬರೋ ಮಗು, ಬಂದೆ ಅಷ್ಟೇ."

"ವಾಸನೆ ಬಂದ್ರೆ ನಂಗೇನೂ ಬ್ಯಾಸರ ಇಲ್ಲ ಅಮ್ಮ. ನಂಗೆ ಗೊತ್ತಿರೋ ವಾಸನೆನೇ. ಅದು ನಿಂದಲ್ವಾ?"

ನನಗೆ ಇನ್ನೊಂದು ಕೇಳುವುದಿತ್ತು.

"ಪದ್ಮತ್ತೆಗೆ ಏನು ಮಾಡ್ತಿದ್ದೆ? ನಂಗೂ ಮಾಡು."

"ನಿಂಗೆ ಅದೆಲ್ಲಾ ಈಗ ಬ್ಯಾಡ್ವೇ ಹುಚ್ಚಿ" ಎಂದು ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕಳು. ಆಮೇಲೆ ಏನೋ ಹೊಳೆದವಳಂತೆ ಎದ್ದು ಕೈ ತೊಳೆದು ಬಂದು, ಉಳಿದ ಎಣ್ಣೆಯ ಬಟ್ಟಲಿಗೆ ಬೆರಳದ್ದಿದಳು.

"ಹೆಂಗಿರ್ತದೆ ಅಂತ ತೋರಿಸ್ತೀನಿ, ಬಾಯಿ ತೆಗಿ."

ಅಮ್ಮ ತನ್ನ ಎರಡು ಬೆರಳನ್ನು ನನ್ನ ಬಾಯಿಯ ಎರಡು ತುದಿಗಳಿಗೆ ಇಟ್ಟು, ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ಆಚೀಚೆ ಹಿಗ್ಗಿಸಿದಳು. ಎಣ್ಣೆ ನಾಲಿಗೆಗೆ ತಾಗಿತು. ಅವಳ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ. ಎಡಗಣ್ಣಿನ ಕೆಳಗೆ ಸಣ್ಣದೊಂದು ಮಚ್ಚೆ ಇದೆಯೆಂದು ಆಗ ಕಂಡೆ. ಅವಳ ಉಳಿದ ಬೆರಳುಗಳು ನನ್ನ ಕೆನ್ನೆಯ ಮೇಲೆ ಬಿಚ್ಚಿಕೊಂಡು ಕೂತಿದ್ದವು. ಅವಳು ಇನ್ನೊಂದಿಷ್ಟು ಎಳೆದಳು.

"ಉರೀತೈತಾ?"

ಉರಿಯುತ್ತಿತ್ತು. ತುಟಿಯ ತುದಿ ಈಗ ಹರಿಯಿತೇನೋ ಎನ್ನುವಷ್ಟು ಉರಿಯುತ್ತಿತ್ತು. ಹೌದೆಂದರೆ ಕೈ ತೆಗೆದುಬಿಡುತ್ತಾಳೆಂದು ನಾನು ಇಲ್ಲವೆಂದು ತಲೆಯಾಡಿಸಿದೆ.